ಅತಿಥಿಗಾಗಿ ತೊಳೆದ ಬಾಯಿ

ಗಂಗವ್ವಜ್ಜಿ ಬಾಯಿ ತೆರೆದದ್ದೇ ತಡ, ವಿಜ್ಞಾನಿಯ ಮುಖ ಸಪ್ಪಗಾಯಿತು. ವಸಡಿನ ರೋಗ ತರುವ ಬ್ಯಾಕ್ಟೀರಿಯಾಗಳ ಸಂಶೋಧನೆಗೆಂದು ಆಕೆ ನಮ್ಮ ಯರಗುಪ್ಪಿಗೆ ಬಂದಿದ್ದರು. ಬಾಯಿಯ ಮಾದರಿ ಕೊಡಲು ಹಲ್ಲುಜ್ಜದೆ ಬರಬೇಕೆಂದು ಹಿಂದಿನ ದಿನ ನಾನೇ ಮನೆಮನೆಗೆ ಹೇಳಿ ಬಂದಿದ್ದೆ. ಅಜ್ಜಿಯ ಬಾಯಿಯಿಂದ ಉಪ್ಪು, ಬೂದಿ, ಲವಂಗ ಎಲ್ಲವೂ ಘಮಘಮಿಸುತ್ತಿದ್ದವು. ಹಿಂದೆ ನಿಂತವರ ಹಲ್ಲುಗಳೂ ಫಳಫಳ.

“ಅಲ್ರಿ, ದೊಡ್ಡ ಮಂದಿ ಬಾಯಾಗ ಹಣಿಕಿ ಹಾಕಾಕ ಬರ್ತಾರಂದ್ರ, ತೊಳೀದ ಬರಾಕ ನಾವೇನ್ ದನಾ ಏನ್ರಿ?” ಎಂದಳು ಅಜ್ಜಿ.

ತೊಳೆದ ಬಾಯಿಯ ಮಾದರಿ ಪ್ರಯೋಜನಕ್ಕೆ ಬಾರದು, ರೊಟ್ಟಿ ಕಚ್ಚಿದರೆ ಅಜ್ಜಿಯ ವಸಡಿನಲ್ಲಿ ರಕ್ತ ಬರುವುದೇಕೆಂದು ತಿಳಿಯದು ಎಂದು ವಿಜ್ಞಾನಿ ಹೇಳಿದಾಗ ಅಜ್ಜಿಯೇ ಅವರನ್ನು ಸಮಾಧಾನಪಡಿಸಿದಳು. “ಹೋಗ್ಲಿ ಬಿಡವಾ, ನಾಳೆ ಬಾ. ನಿನಗ ಸಾಕಾಗುವಷ್ಟು ಹೊಲಸ ಕೂಡಿಸಿಟ್ಟಿರ್ತೀನಿ.”

ಮರುದಿನ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಾತನಾಡಿಸಿದವರಿಗೆಲ್ಲ ಕೈಸನ್ನೆಯಲ್ಲೇ ಉತ್ತರಿಸುತ್ತ ಬಂದಳು. ಮಾದರಿ ತೆಗೆದದ್ದೇ, “ಸಾಕೇನವಾ? ಇನ್ನ ತೊಳ್ಕೊಳ್ಲೇನು?” ಎಂದು ಕೇಳಿ ಬಚ್ಚಲಿಗೆ ಓಡಿದಳು.

ಬಾಯಿ ತೆರೆದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳೋ, ನಾನೇ ಆಚೆ ತಿರುಗಿದ್ದೆನೋ, ಈಗ ಖಚಿತವಾಗಿ ಹೇಳಲಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ, ವಿಜ್ಞಾನಕ್ಕಾಗಿ ಅವಳು ಸೆರಗಿನ ಮರೆಯಲ್ಲಿ ಹೊತ್ತು ತಂದ ಆ ನಾಚಿಕೆ ನೆನಪಾಗುತ್ತದೆ.