ರಾಯಾಪುರದಿಂದ ಹಾರಲು ಹೋದದ್ದು

"ಅಲ್ರೀ, ಬೀಳಾಕ ನೀವ ರೊಕ್ಕಾ ಕೊಡತೀರಿ?"

ರಾಯಾಪುರದ ಮನೆಯೊಡತಿ ಗೌರವ್ವ ಕಣ್ಣರಳಿಸಿ ಕೇಳಿದರು. ರೊಕ್ಕ ಎಂದರೆ ಹಣ. ಪಕ್ಕದ ಸತ್ತೂರಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದಿದ್ದೆ. ಅವರ ಮಹಡಿಯ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಹೆಲ್ಮೆಟ್ಟು ಹೊರಬಂತು. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದು ನನ್ನ ಹವ್ಯಾಸ ಎಂದು ಹೇಳಲೇಬೇಕಾಯಿತು.

"ಮತ್ತ ಎಷ್ಟ ಸಲ ಹಾರತೀರಿ?"

ವಿದೇಶದ ಹವ್ಯಾಸಿಗಳು ಒಂದೇ ದಿನ ನಾಲ್ಕಾರು ಸಲ ಹಾರುವುದುಂಟು. ನನಗೆ ಮೂರು ತಿಂಗಳಿಗೊಮ್ಮೆ ಆದರೇ ಹೆಚ್ಚು. ಉತ್ತರ ಭಾರತಕ್ಕೆ ಹೋಗಿಬರುವ ಖರ್ಚು, ಹಾರುವ ಶುಲ್ಕ, ಪ್ಯಾರಾಚೂಟಿನ ಬಾಡಿಗೆ ಸೇರಿದರೆ ಒಂದು ತಿಂಗಳ ಸಂಬಳ ಮುಗಿದಂತೆ. ಹೆಚ್ಚು ಕಾಲ ಬಿಟ್ಟರೆ ಅಭ್ಯಾಸ ತಪ್ಪಿದೆಯೆಂದು ಮತ್ತೆ ತರಬೇತುದಾರರ ಜೊತೆ ಹಾರಿಸುತ್ತಾರೆ. ಅದು ಇನ್ನೂ ದುಬಾರಿ.

ಮೈಸೂರಿನಲ್ಲಿರುವ ಅಮ್ಮ ಇದಕ್ಕೆಲ್ಲ ಒಗ್ಗಿಹೋಗಿದ್ದಾಳೆ. "ಇಳಿದ್ಯಾ? ಸರಿ, ಊಟ ಮಾಡು" ಎಂದು ಫೋನಿಡುತ್ತಾಳೆ. ಇಲ್ಲಿ ನಾನು ಖಡಕ್ ರೊಟ್ಟಿ ಅಗಿಯಲು ಕಲಿತೆ, 'ಹೊಳ್ಳಿ' ಎಂದರೆ ಮರಳಿ ಎಂದು ಕಲಿತೆ. ಸಂಜೆ ಮಾತಿಗೆ ಜನವಿಲ್ಲದೆ ಗೌರವ್ವನ ಅಡುಗೆಮನೆಯಲ್ಲೇ ಕೂರುತ್ತಿದ್ದೆ. "ನಿಮ್ಮ ಕನ್ನಡ ಭಾಳ ಮೆತ್ತಗ ಐತ್ರಿ" ಎಂದು ಅವರು ನಗುತ್ತಿದ್ದರು.

ಈ ಸಲ ನಾನು ಹಾರಲು ಹೊರಟಾಗ ಗೌರವ್ವ ನಗಲಿಲ್ಲ. "ನಮ್ಮ ಮನಿಯವರು ಹತ್ತಿ ಲಾರಿ ಮ್ಯಾಲಿಂದ ಬಿದ್ದು ತೀರಕೊಂಡ್ರು. ಅಷ್ಟ ಎತ್ತರನ ಸಾಕಾತ್ರಿ. ನೀವು ಹೊಳ್ಳಿ ಬರ್ರಿ."

ಉತ್ತರ ಭಾರತದ ಆಕಾಶದಲ್ಲಿ ವಿಮಾನದ ಬಾಗಿಲು ತೆರೆಯಿತು. ಗಾಳಿ ಎಂದಿನಂತೆ ಮುಖಕ್ಕೆ ಬಡಿಯಿತು. ನನ್ನ ಮುಂದಿದ್ದವರು ಹಾರಿಯೂ ಬಿಟ್ಟರು. ನನ್ನ ಕಾಲು ಮಾತ್ರ ಏಳಲಿಲ್ಲ. ಎಂದೂ ನೋಡದ ಆ ಲಾರಿ, ಅದರ ಪಕ್ಕ ನೆಲದ ಮೇಲೆ ಬಿದ್ದ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟಿದಂತಾಯಿತು. ತಲೆಯಾಡಿಸಿ ಹಿಂದೆ ಸರಿದೆ. ವಿಮಾನದಲ್ಲೇ ಕೆಳಗಿಳಿದೆ. ಕಟ್ಟಿದ ಹಣ ಮರಳಲಿಲ್ಲ.

ಹಾರಲಿಲ್ಲವೆಂದು ಫೋನಿನಲ್ಲಿ ಹೇಳಿದಾಗ ಅಮ್ಮ ಊಟದ ಮಾತೆತ್ತಲಿಲ್ಲ. "ಆ ಊರು ನಿನ್ನನ್ನ ಹೆದರಿಸಿಬಿಟ್ಟಿದೆ ಕಣೇ. ಬಂದುಬಿಡು."

ರಾಯಾಪುರಕ್ಕೆ ಮರಳಿ ವಿಷಯ ಹೇಳಿದಾಗ ಗೌರವ್ವ ನನ್ನ ಕೈ ಹಿಡಿದುಕೊಂಡರು. ಮೊದಲ ಸಲ 'ರೀ' ಬಿಟ್ಟು ಮಾತಾಡಿದರು: "ಛಲೋ ಆತು. ಇನ್ನ ನೀ ನಮ್ಮ ಮನಿ ಮಗಳು."

ಆ ಕೈಯ ಬಿಸಿ ನನಗೆ ಬೇಕಿತ್ತು. ಆದರೆ ಆ ಬಾಗಿಲಲ್ಲಿ ಇನ್ನೊಮ್ಮೆ ನಿಂತು ಹಾರದೆ, ಈ ಹೆದರಿಕೆ ಹೊತ್ತುಕೊಂಡು ಮೈಸೂರಿಗೆ ಮರಳಲೂ ಆಗದು, ಇಲ್ಲಿ ಮಗಳಾಗಿ ಉಳಿಯಲೂ ಆಗದು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.