ಪರೀಕ್ಷಮ್ಮನ ಸರದಿ

ಕರೆಂಟ್ ಹೋಗಿ ಬಂದ ಮೇಲೆ ಮೂರು ಕಂಪ್ಯೂಟರ್‌ಗಳು ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡುವುದು ನಮ್ಮಕ್ಕನ ಕೆಲಸ. ಆಸ್ಪತ್ರೆಯ ರೋಗಿಗಳ ಪಟ್ಟಿ ಮೂರು ಕಟ್ಟಡಗಳಲ್ಲಿ, ಮೂರು ಯಂತ್ರಗಳಲ್ಲಿ ಇರುತ್ತದೆ. ಒಂದರಲ್ಲಿ ಬರೆದದ್ದು ಉಳಿದೆರಡಕ್ಕೂ ತಾನಾಗಿ ಹೋಗಬೇಕು. ಹೋಯಿತೋ ಇಲ್ಲವೋ ಎಂದು ಹದಿನಾರು ವರ್ಷದಿಂದ ನೋಡುತ್ತಿದ್ದಾಳೆ. ಮನೆಯಲ್ಲೂ ಅಷ್ಟೇ, ನಾನು ಹೇಳಿದ್ದನ್ನು ಅಮ್ಮನ ಹತ್ತಿರ ಮತ್ತೊಮ್ಮೆ ಕೇಳದೆ ನಂಬಿದವಳಲ್ಲ.

ಪರೀಕ್ಷೆಗೆಂದು ಅವಳು ಇಲ್ಲದ ರೋಗಿಯೊಬ್ಬಳನ್ನು ಮೊದಲ ಯಂತ್ರದಲ್ಲಿ ಬರೆಯುತ್ತಿದ್ದಳು. ಹೆಸರು ಪರೀಕ್ಷಮ್ಮ. ವಯಸ್ಸು ಅರವತ್ತೆಂಟು, ಕಾಯಿಲೆ ಮಂಡಿನೋವು. ಎರಡೂ ನಮ್ಮಮ್ಮನವೇ, ಬರೆಯುವಾಗ ತಲೆಗೆ ಬಂದದ್ದು ಅದು. ಉಳಿದೆರಡರಲ್ಲೂ ಪರೀಕ್ಷಮ್ಮ ಕಾಣಿಸಿಕೊಂಡರೆ ‘ಎಲ್ಲ ಸರಿ’ ಎಂದು ಬರೆದು, ಅವಳನ್ನು ಅಳಿಸಿ, ಅಕ್ಕ ಊಟಕ್ಕೆ ಹೋಗುತ್ತಿದ್ದಳು.

ಒಂದು ದಿನ ಅಳಿಸುವ ಹೊತ್ತಿಗೆ ಸರಿಯಾಗಿ ಮೂರನೆಯ ಯಂತ್ರ ಆರಿಹೋಯಿತು. ಮತ್ತೆ ಎದ್ದು ನೋಡುತ್ತದೆ, ತನ್ನಲ್ಲಿರುವ ಪರೀಕ್ಷಮ್ಮ ಉಳಿದೆರಡರಲ್ಲಿ ಇಲ್ಲ! ಅಯ್ಯೋ ಪಾಪ, ಕಳೆದುಹೋಗಿದ್ದಾಳೆ ಎಂದು ಎರಡಕ್ಕೂ ವಾಪಸ್ ಕಳಿಸಿಕೊಟ್ಟಿತು. ಅಕ್ಕ ಎಷ್ಟು ಸಲ ಅಳಿಸಿದರೂ ಒಂದಲ್ಲ ಒಂದು ಯಂತ್ರ ಆಗಲೇ ಕೈಕೊಡುತ್ತಿತ್ತು. ಹೀಗೆ ಮಂಡಿನೋವಿನ ಪರೀಕ್ಷಮ್ಮ ಮಂಡಿ ಆಪರೇಷನ್ನಿನ ಸರದಿಗೂ ಸೇರಿ, ಕಾದು ಕಾದು ಮೊದಲನೆಯವಳಾದಳು. ಎರಡನೆಯವಳು ನಮ್ಮಮ್ಮ.

ಅಮ್ಮನಿಗೆ ಆಗ ಮಂಚದಿಂದ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಮಂಡಿ ಡಾಕ್ಟರು ಬರುವುದು ಎರಡು ತಿಂಗಳಿಗೊಮ್ಮೆ, ಮೂರೇ ದಿನ. ಮೊದಲ ರೋಗಿಯದು ಮುಗಿಯದೆ ಎರಡನೆಯ ಹೆಸರು ಅವರ ಪರದೆಯಲ್ಲಿ ತೆರೆಯುವುದೇ ಇಲ್ಲ. ಅಕ್ಕ ಆಸ್ಪತ್ರೆಯ ದೊಡ್ಡ ಸಾಹೇಬರ ಹತ್ತಿರ ಓಡಿದಳು, ಅಂಥ ಹೆಂಗಸೇ ಇಲ್ಲ ಎಂದಳು.

“ಮೂರೂ ಕಡೆ ಇದ್ದಾರಾ?”

“ಇದ್ದಾರೆ ಸರ್.”

“ಮತ್ತೆ ಇಲ್ಲ ಅಂತೀರಲ್ರೀ!”

ನನಗಾಗಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ತಲೆ ತಗ್ಗಿಸಿ ವಾಪಸ್ ಬಂದಳು. ಮೂರೂ ಕಡೆ ಇದ್ದರೆ ಸರಿ ಎಂದು ಹದಿನಾರು ವರ್ಷ ಅವಳೂ ಎಲ್ಲರಿಗೂ ಹೇಳಿದ್ದಲ್ಲವೇ?

ಡಾಕ್ಟರು ಎರಡು ದಿನ ಕೈಗೆ ಗ್ಲೌಸ್ ಹಾಕಿಕೊಂಡು ಪರೀಕ್ಷಮ್ಮನಿಗಾಗಿ ಕಾದರು. ಮೂರನೆಯ ದಿನ, ಏನಾದರಾಗಲಿ ಎಂದು, ನಾವು ಅಮ್ಮನನ್ನು ಕರೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆವು.

ನರ್ಸ್ ಬಾಗಿಲಲ್ಲಿ ನಿಂತು ಕೂಗಿದಳು. “ಪರೀಕ್ಷಮ್ಮ! ಯಾರ್ರೀ ಪರೀಕ್ಷಮ್ಮ?”

“ನಾನೇ ಕಣಮ್ಮ,” ಎಂದು ಅಮ್ಮ ನನ್ನ ಭುಜ ಹಿಡಿದು ಎದ್ದಳು.

ಅಕ್ಕನ ಮುಖ ಬಿಳಿಚಿಕೊಂಡಿತು. “ಅಮ್ಮಾ, ಅದು ಸುಳ್ಳು ಹೆಸರು ಅಂತ ಹೇಳಿದ್ನಲ್ಲ!” ಎಂದು ಪಿಸುಗುಟ್ಟಿದಳು.

“ಹೆಸರು ಸುಳ್ಳಾದ್ರೇನೇ? ನೋವು ನಂದೇ ತಾನೆ?”

ವಯಸ್ಸು ತಾಳೆಯಾಯಿತು, ನೋವು ತಾಳೆಯಾಯಿತು, ಆಪರೇಷನ್ ಆಯಿತು. ಆರು ವಾರದಲ್ಲಿ ಅಮ್ಮ ನಿಧಾನಕ್ಕೆ ಮೆಟ್ಟಿಲು ಹತ್ತಿದಳು. ಅಕ್ಕ ಗಳಗಳ ಅತ್ತುಬಿಟ್ಟಳು, ನನಗೂ ಕಣ್ಣು ತುಂಬಿ ಬಂತು.

ಆದರೆ ಮೂರು ಯಂತ್ರಗಳ ಪ್ರಕಾರ ಗುಣವಾದವಳು ಪರೀಕ್ಷಮ್ಮ. ನಮ್ಮಮ್ಮ ಇನ್ನೂ ಸರದಿಯಲ್ಲೇ ಇದ್ದಾಳೆ, ಈಗ ಮೊದಲನೆಯವಳಾಗಿ. ಡಾಕ್ಟರು ಮತ್ತೆ ಬರುವ ವಾರ ಆಸ್ಪತ್ರೆಯಿಂದ ಫೋನೂ ಬಂತು. ಹಿಂದೆ ನಲವತ್ತು ಜನ ಕಾಯುತ್ತಿದ್ದಾರೆ, ನಮ್ಮಿಂದ ಅವರಿಗೆ ಅಡ್ಡಿಯಾಗಬಾರದು ಎಂದು ಅಕ್ಕ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದಳು. ಅಪರೂಪಕ್ಕೆ ಮೂರೂ ಯಂತ್ರಗಳು ಒಟ್ಟಿಗೆ ನಡೆಯುತ್ತಿದ್ದವು. ಹೆತ್ತ ತಾಯಿಯ ಹೆಸರನ್ನು ಅಳಿಸಲು ಅವಳು ಬೆರಳು ಚಾಚಿದಳು.

ಅಮ್ಮ ಗಬಕ್ಕನೆ ಅವಳ ಕೈ ಹಿಡಿದಳು.

“ನನ್ನನ್ಯಾಕೆ ಅಳಿಸ್ತೀಯೇ? ಬಲಗಾಲು ಪರೀಕ್ಷಮ್ಮಂದು. ನಂದು ಎಡಗಾಲು, ಅದಿನ್ನೂ ನೋಯ್ತಾ ಇದೆ.”