ಗ್ಯಾಸ್ ತುಂಬಲು ಒಪ್ಪದ ಗುಣವತಿ

ಬೆಳಿಗ್ಗೆ ಐದೂಮುಕ್ಕಾಲು. ಚೆನ್ನೈಯ ಪೋರೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಆಗಲೇ ಸೆಕೆ. ಐವತ್ತೆರಡರ ಕಾರ್ ಎಸಿ ಮೆಕ್ಯಾನಿಕ್ ಗುಣವತಿ ತಮ್ಮ ಶೆಡ್ಡಿನ ಬಾಗಿಲು ತೆಗೆದವರೇ ಹದಿನಾಲ್ಕು ವರ್ಷ ಹಳೆಯ ಕಾರೊಂದರ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಬಾನೆಟ್ ಮುಟ್ಟುವುದಿಲ್ಲ. "ಓಡುವಾಗ ನಿಲ್ಲುವ ಎಸಿಯನ್ನು ಓಡಿಸಿಯೇ ನೋಡ್ಬೇಕು. ನಡೀರಿ ಸರ್."

ಕಾರು ರೈಲ್ವೆಯಿಂದ ನಿವೃತ್ತರಾದ ಸೀತಾರಾಮ ಅವರದು. ಹೆಂಡತಿ ಸುಮತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎಸಿ ಅರ್ಧ ಗಂಟೆ ತಣ್ಣಗಿರುತ್ತದೆ, ನಿಲ್ಲುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ತೋರಿಸಿದ ಮೂರು ಕಡೆಯೂ ಗ್ಯಾಸ್ ಹೋಗಿದೆ ಎಂದು ತುಂಬಿ ಕಳಿಸಿದ್ದಾರೆ. ಕಳೆದ ಗುರುವಾರ ಆಸ್ಪತ್ರೆಯಿಂದ ಬರುವಾಗ ಎಸಿ ಸಿಗ್ನಲ್ಲಿನಲ್ಲಿ ನಿಂತಿತು. ಸುಮತಿ ಕೂತಲ್ಲೇ ಪ್ರಜ್ಞೆ ತಪ್ಪಿದರು. "ದುಡ್ಡು ಹಾಳಾಗ್ಲಿ ಬಿಡಿ. ಅವಳು ಮಾತಾಡದೆ ಇದ್ದ ಆ ಐದು ನಿಮಿಷ..." ಎನ್ನುತ್ತಾರೆ ಸೀತಾರಾಮ. ಇವತ್ತು ಹನ್ನೊಂದಕ್ಕೆ ಮತ್ತೆ ಹೋಗಬೇಕು.

"ಹೋದ ಗ್ಯಾಸು ಅರ್ಧ ಗಂಟೆ ಬಿಟ್ಟು ವಾಪಸು ಬರ್ತದಾ ಮಾರಾಯ್ರೆ? ಅಷ್ಟು ಯೋಚನೆ ಮಾಡ್ಲಿಕ್ಕೆ ಎಂತ ಕಷ್ಟ ಇವರಿಗೆ?" ಗುಣವತಿಯ ದನಿ ಏರುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೂ ಮೈ ಉರಿಯುತ್ತದೆ. ಎಸಿ ಕೆಟ್ಟರೆ ಗ್ಯಾಸ್ ತುಂಬುವುದು ಈ ಊರಿನ ಗ್ಯಾರೇಜುಗಳಿಗೆ ಅಂಟಿದ ಚಟ. ಒಬ್ಬನಾದರೂ ಈ ಕಾರಿನಲ್ಲಿ ಅರ್ಧ ಗಂಟೆ ಕೂತಿರಲಿಲ್ಲ.

ಕ್ರೋಂಪೇಟೆ ಹತ್ತಿರ ಗಾಳಿ ಬಿಸಿಯಾಗುತ್ತದೆ. ಗುಣವತಿ ಇಳಿದು, ಎಂಜಿನ್ ಓಡುತ್ತಿರುವಂತೆಯೇ ಬಾನೆಟ್ ಎತ್ತುತ್ತಾರೆ. ಎಸಿಯ ಗ್ಯಾಸ್ ಒತ್ತುವ ಕಂಪ್ರೆಸರಿನ ಮುಂದಿನ ತಟ್ಟೆ ತಿರುಗುತ್ತಿಲ್ಲ. ಮರದ ಕೋಲಿನಿಂದ ಮೆಲ್ಲಗೆ ಒತ್ತಿದರೆ, ಟಕ್! ಕಚ್ಚಿಕೊಂಡು ತಿರುಗುತ್ತದೆ, ತಂಪು ಮರಳುತ್ತದೆ. "ಹಳೇ ಗಾಡಿ, ತಟ್ಟೆ ಸವೆದು ಸಂದು ದೊಡ್ಡದಾಗಿದೆ. ಬಿಸಿಯಾದ ಮೇಲೆ ಮ್ಯಾಗ್ನೆಟ್‌ಗೆ ಎಳೀಲಿಕ್ಕೆ ಆಗುದಿಲ್ಲ. ಒಳಗಿನ ಒಂದು ವಾಷರ್ ತೆಗೆದರೆ ಸಂದು ಕಿರಿದಾಗ್ತದೆ, ಮುಗೀತು."

ಶೆಡ್ಡಿಗೆ ಮರಳಿ ಅದನ್ನು ತೆಗೆಯಲು ಅವರಿಗೆ ಬೇಕಾದದ್ದು ನಲವತ್ತು ನಿಮಿಷ. ಮೂರು ಕಡೆ ತುಂಬಿಸಿ ಹೆಚ್ಚಾಗಿದ್ದ ಗ್ಯಾಸನ್ನೂ ಇಳಿಸುತ್ತಾರೆ.

ಕಾರ್ಕಳ ಕಡೆಯವರಾದ ಗುಣವತಿಯ ಅಪ್ಪ ಇಲ್ಲಿನ ಸೌಕಾರ್‌ಪೇಟೆಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮಗಳು ಗ್ಯಾರೇಜೊಂದರಲ್ಲಿ ಕಸ ಗುಡಿಸಲು ಸೇರಿದವರು, ಎಂಟು ವರ್ಷ ನೋಡಿ ನೋಡಿ ಕಲಿತರು. ಈಗ ದಿನಕ್ಕೆ ನಾಲ್ಕೈದು ಕಾರು. ಗ್ರೀಸ್ ಮೆತ್ತಿದ ಕೈ ಕಂಡರೂ ಮೆಕ್ಯಾನಿಕ್ ಎಲ್ಲಿ ಎಂದು ಜನ ತಮಿಳಿನಲ್ಲಿ ಇವರನ್ನೇ ಕೇಳುತ್ತಾರೆ: "ಮೆಕ್ಯಾನಿಕ್ ಎಂಗಮ್ಮಾ?" "ಎದುರಿಗೇ ನಿಂತಿದ್ದೇನೆ ಅಂತೇನೆ. ಆದ್ರೂ ಒಳಗೆ ಇಣುಕ್ತಾರೆ," ಎನ್ನುವಾಗ ಗುಣವತಿಗೆ ನಗು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಮಧ್ಯಾಹ್ನ ಮೂರೂವರೆಗೆ, ಕರೆಯದಿದ್ದರೂ, ಆಸ್ಪತ್ರೆಯ ಬಾಗಿಲಲ್ಲಿ ಗುಣವತಿ ಹಾಜರು. ವಾಪಸು ದಾರಿಯೇ ಪರೀಕ್ಷೆ. ಅದೇ ಸಿಗ್ನಲ್, ಕೆಂಪು ದೀಪ, ಹೊರಗೆ ನಲವತ್ತು ಡಿಗ್ರಿ. ಸೀತಾರಾಮ ಎಸಿಯ ಕಿಂಡಿಗೆ ಅಂಗೈ ಹಿಡಿದಿದ್ದಾರೆ. ಹಿಂದಿನ ಸೀಟಿನಿಂದ ಸುಮತಿ ಮೆಲ್ಲಗೆ, "ಚಳಿ ಆಗ್ತಿದೆಯಮ್ಮ, ಆಫ್ ಮಾಡ್ತೀಯಾ?" ಎನ್ನುತ್ತಾರೆ.

"ಗಾಳಿ ಆಚೆ ತಿರುಗಿಸ್ತೇನೆ ಅಕ್ಕ, ಸೆರಗು ಹೊದ್ಕೊಳ್ಳಿ," ಎನ್ನುತ್ತಾರೆ ಗುಣವತಿ. "ಆಫ್ ಮಾತ್ರ ಮಾಡುದಿಲ್ಲ. ಮನೆ ಮುಟ್ಟುವವರೆಗೆ ಇದು ಓಡ್ಬೇಕು."